ಇನ್ನು ಮುಂದೆ ಕರಾರು ಬಾಡಿಗೆದಾರರ ಹೆಸರಲ್ಲೇ

ಮನೆ ಮಾಲೀಕರಿಗೆ ನಮಸ್ಕಾರ,

ಇಲ್ಲಿಯವರೆಗೆ ನಿಮ್ಮ ಮನೆಗಳನ್ನು ನಮ್ಮ ಸಹಕಾರ ಸಂಘದ ಹೆಸರಲ್ಲೇ ಬಾಡಿಗೆಗೆ ಪಡೆದು, ಹಿಂದೆ ಸೂರಿಲ್ಲದೆ ಇದ್ದವರಿಗೆ ಕೊಡುತ್ತಿದ್ದೆವು. ಮುಂದಿನ ತಿಂಗಳಿಂದ ಇದು ಬದಲಾಗುತ್ತದೆ. ನಮ್ಮ ಆಸರೆ ಮನೆಗಳಲ್ಲಿ (ನಮ್ಮವರೇ ಜೊತೆಗಿದ್ದು ನೋಡಿಕೊಳ್ಳುವ ಮನೆಗಳಲ್ಲಿ) ಇದ್ದು, ಈಗ ತಮ್ಮ ಪಾಡಿಗೆ ತಾವು ಇರಬಲ್ಲೆವು ಎನ್ನುವವರು ನಿಮ್ಮ ಜೊತೆ ನೇರವಾಗಿ ಕರಾರು ಮಾಡಿಕೊಳ್ಳುತ್ತಾರೆ. ನಾವು ಯಾರನ್ನೂ ಹೋಗಿ ಎಂದು ದೂಡುವುದಿಲ್ಲ.

ಕಾರಣ ಸರಳ. ಸಂಘದ ಹೆಸರಲ್ಲಿ ಎಷ್ಟು ವರ್ಷ ಸರಿಯಾಗಿ ಬಾಡಿಗೆ ಕಟ್ಟಿದರೂ ಅದು ಅವರ ಲೆಕ್ಕಕ್ಕೆ ಸೇರುವುದಿಲ್ಲ. ಮುಂದೆ ಬೇರೆ ಮನೆ ಹುಡುಕುವಾಗ ತೋರಿಸಲು ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

"ಹಾಗಾದ್ರೆ ನೀವು ಕೈ ತೊಳೆದುಕೊಂಡ ಹಾಗೆ ಅಲ್ವಾ?" ಎಂದು ಕೆಲವರು ಆಗಲೇ ಫೋನ್ ಮಾಡಿ ಕೇಳಿದ್ದಾರೆ. ಹಾಗೇನಿಲ್ಲ. ಮನೆ ಬದಲಾದ ಮೇಲೂ 9 ತಿಂಗಳು ನಮ್ಮ ಕಾರ್ಯಕರ್ತರು ಅವರ ಜೊತೆಗಿರುತ್ತಾರೆ. ಮೊದಲ 3 ತಿಂಗಳು ಆಗಾಗ ಮನೆಗೇ ಬರುತ್ತಾರೆ. ಆಮೇಲೆ ಕೆಲಸ ಅವರಿಗೇ ಬಿಟ್ಟು, ತೊಡಕಾದಾಗ ಮಾತ್ರ ಕೈ ಹಾಕುತ್ತಾರೆ. ಕೊನೆಗೆ ಮೆಲ್ಲಗೆ ಹಿಂದೆ ಸರಿಯುತ್ತಾರೆ. ಈ ಲೆಕ್ಕ ಸುಮ್ನೆ ಹಾಕಿದ್ದಲ್ಲ. ನ್ಯೂಯಾರ್ಕಿನ ಆಶ್ರಯ ತಾಣವೊಂದರಿಂದ ಹೊರಬಂದ, ಮಾನಸಿಕ ಕಾಯಿಲೆಯಿದ್ದ ಗಂಡಸರಿಗೆ ಹೀಗೇ 9 ತಿಂಗಳು ನೆರವು ಕೊಟ್ಟು ನೋಡಿದ್ದರು. ಫಲಿತಾಂಶ ಪ್ರಕಟವಾದದ್ದು 1997ರಲ್ಲಿ. 18 ತಿಂಗಳಲ್ಲಿ ಅವರು ಸೂರಿಲ್ಲದೆ ಕಳೆದದ್ದು ಸರಾಸರಿ 30 ರಾತ್ರಿ. ಎಂದಿನ ನೆರವಷ್ಟೇ ಸಿಕ್ಕವರು 91.

ಹೊಸದಾಗಿ ತಮ್ಮ ಪಾಡಿಗೆ ಇರುವವರು ಎಡವುವುದು ಹೆಚ್ಚಾಗಿ ಸಣ್ಣ ವಿಷಯಗಳಲ್ಲಿ. ಆಸರೆ ಮನೆಯಲ್ಲಿ ನಲ್ಲಿ ಸೋರಿದರೆ ಬಾಗಿಲ ಬಳಿ ಕೂತವರಿಗೆ ಹೇಳಿದರೆ ಸಾಕಿತ್ತು. ಬಾಡಿಗೆ ಮನೆಯಲ್ಲಿ ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡರೆ ಮಾತಾಡಲೂ ಯಾರೂ ಇಲ್ಲ. ಬಂದ ಲಕೋಟೆಗಳನ್ನು ಒಡೆಯದೆ ಕಪಾಟಿನ ಮೇಲೆ ಪೇರಿಸಿಡುವವರೂ ಇದ್ದಾರೆ. ಸೀಲು ಹಾಕಿದ ಕಾಗದ ಎಂದರೆ ಅವರಿಗೆ ಹಿಂದೆಲ್ಲ ತೊಂದರೆಯೇ ಬಂದದ್ದು. ಆದ್ದರಿಂದ ಏನಾದರೂ ತಿಳಿಸುವುದಿದ್ದರೆ ಕಾಗದದ ಜೊತೆ ಒಂದು ಮಾತು ಬಾಯಲ್ಲೂ ಹೇಳಿ.

ಬಾಡಿಗೆ ತಡವಾದರೆ ಮೊದಲ ವಾರದಲ್ಲೇ ಅವರನ್ನು ಕೇಳಿ, ಸರಿಹೋಗದಿದ್ದರೆ ನಮಗೆ ತಿಳಿಸಿ. 3 ತಿಂಗಳ ಬಾಕಿ ಬೆಳೆದ ಮೇಲೆ ಗೊತ್ತಾದರೆ ದಾರಿ ಹುಡುಕುವುದು ಎಲ್ಲರಿಗೂ ಕಷ್ಟ. ಅವರ ಕಾಯಿಲೆ, ಹಳೆಯ ಕತೆ ಮಾತ್ರ ನಮ್ಮನ್ನು ಕೇಳಬೇಡಿ. ಅವರು ಒಪ್ಪದೆ ನಾವು ಹೇಳುವುದಿಲ್ಲ.

ಈಗಿರುವ ಕರಾರುಗಳು ಅವಧಿ ಮುಗಿಯುವವರೆಗೆ ಹಾಗೇ ಇರುತ್ತವೆ. ಹೊಸ ಕ್ರಮ ಬೇಡ ಎನ್ನುವವರು ಈ ತಿಂಗಳೊಳಗೆ ಕಚೇರಿಗೆ ತಿಳಿಸಿದರೆ ಸಾಕು. ನಾವು ಬೇಜಾರು ಮಾಡಿಕೊಳ್ಳುವುದಿಲ್ಲ.

ಇಂತಿ,
ಸಂಘದ ಕಾರ್ಯದರ್ಶಿ