ಸೆನ್ ಠಾಣೆಗೆ ಹೊರಟ ಮಂಜುನಾಥನಿಗೆ

ಚಿ. ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸೆನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ ಪೊಲೀಸ್ ಠಾಣೆಗೆ, ಪೋಸ್ಟಿಂಗ್ ಆಯಿತೆಂದು ನಿಮ್ಮಪ್ಪ ಹೇಳಿದ. ಸಂತೋಷ. "ಆರು ತಿಂಗಳಲ್ಲಿ ಊರಿನ ಗಾಂಜಾ ಬುಡಸಮೇತ ಕಿತ್ತು ಹಾಕ್ತೀನಿ" ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ.

ಇಂಗ್ಲೆಂಡಿನಲ್ಲಿ ನೀಲ್ ವುಡ್ಸ್ ಅಂತ ಒಬ್ಬ ಮಾಜಿ ಪೊಲೀಸ್ ಇದ್ದಾನೆ. 1989ರಲ್ಲಿ ಡರ್ಬಿಶೈರ್ ಪೊಲೀಸ್ ಸೇರಿದವನು, 1993ರಿಂದ ಹದಿನಾಲ್ಕು ವರ್ಷ ವ್ಯಸನಿಯ ವೇಷ ಹಾಕಿಕೊಂಡು ಹೆರಾಯಿನ್, ಕ್ರ್ಯಾಕ್ ಕೊಕೇನ್ ಮಾರುವವರ ನಡುವೆ ಓಡಾಡಿದ. ಅವನು ಹಿಡಿಸಿದವರ ಶಿಕ್ಷೆಯನ್ನೆಲ್ಲ ಕೂಡಿಸಿದರೆ ಸಾವಿರ ವರ್ಷ ದಾಟುತ್ತದಂತೆ. ನಾರ್ತಾಂಪ್ಟನ್‌ನಲ್ಲಿ ಒಂದು ಗ್ಯಾಂಗಿನ ಹಿಂದೆ ತಿಂಗಳುಗಟ್ಟಲೆ ಬಿದ್ದು 96 ಜನರ ಬಂಧನವಾಯಿತು. ಆಮೇಲೆ ಆ ಊರಿನಲ್ಲಿ ಮಾಲು ಸಿಗದೆ ಹೋದದ್ದು ಎರಡೇ ಗಂಟೆ! ಇದು ಅವನ ಬಾಯಿಂದಲೇ ಬಂದ ಮಾತು.

ಅವನನ್ನು ಹೆಚ್ಚು ಕಾಡಿದ್ದು ಬೇರೆ. ದೊಡ್ಡ ಕುಳಗಳು ಹೊಸಬರಿಗೆ ಮಾಲು ಕೊಡುವುದಿಲ್ಲ. ಹಾಗಾಗಿ ಬೀದಿಯ ವ್ಯಸನಿಗಳ ಸ್ನೇಹ ಮಾಡಿ, ಅವರ ಕೈಯಿಂದಲೇ ಪರಿಚಯ ಮಾಡಿಸಿಕೊಳ್ಳಬೇಕು. ನಂಬಿ ಕರೆದುಕೊಂಡು ಹೋದವರೂ ಕೊನೆಗೆ ಜೈಲಿಗೆ. ಪೊಲೀಸರು ಜಾಣರಾದಷ್ಟೂ ಗ್ಯಾಂಗುಗಳು ಕ್ರೂರವಾದವು. ಈಗ ಅವನು ಲೀಪ್ ಎಂಬ ಪೊಲೀಸರ ಸಂಘಟನೆಯಲ್ಲಿ ನಿಂತು, ನಿಷೇಧವನ್ನೇ ತೆಗೆಯಿರಿ, ಮಾರಾಟ ಸರ್ಕಾರದ ಹತೋಟಿಗೆ ಬರಲಿ ಅನ್ನುತ್ತಾನೆ. ಅಷ್ಟು ದೂರ ನಾನು ಹೋಗಲಾರೆ. ನಮ್ಮ ಬೀದಿಯ ಹುಡುಗರು ಹಾಳಾದದ್ದನ್ನೂ ಕಂಡಿದ್ದೇನೆ. ಆದರೆ ಬಲೆಗೆ ಬೀಳುವುದು ಸಣ್ಣ ಮೀನೇ ಅನ್ನುವುದನ್ನು ವಕೀಲನಾಗಿ ನಾನು ಅಲ್ಲಗಳೆಯಲಾರೆ.

ನಿನಗೆ ಬೇಕಾದದ್ದು ಇಷ್ಟು. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಮು: ಮೈ ತಪಾಸಣೆಗೆ ಮುಂಚೆ, ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಆಗಲಿ ಎಂದು ಕೇಳುವ ಹಕ್ಕಿದೆ ಅಂತ ಆರೋಪಿಗೆ ತಿಳಿಯುವ ಭಾಷೆಯಲ್ಲಿ ಹೇಳು. ಅಚ್ಚು ಹಾಕಿಸಿಟ್ಟ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸುವುದು ಹೇಳಿದಂತಲ್ಲ. ಠಾಣೆಯ ಎದುರಿನ ಟೀ ಅಂಗಡಿಯವನನ್ನೇ ಎಲ್ಲ ಮಹಜರಿಗೂ ಪಂಚನಾಗಿ ಎಳೆಯಬೇಡ. ಗಾಂಜಾ ಇಪ್ಪತ್ತು ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, 37ನೇ ಕಲಮಿನಿಂದಾಗಿ ಜಾಮೀನು ಸಿಗುವುದೇ ಕಷ್ಟ. ಆದ್ದರಿಂದ ತೂಕ ಹಾಕುವಾಗ ಚೀಲ, ಬೀಜ, ಕಡ್ಡಿ ಎಲ್ಲ ಸೇರಿಸಿ "ಸುಮಾರು" ಅಂತ ಬರೆದರೆ, ಆ ಒಂದು ಪದ ಒಬ್ಬನ ವರ್ಷಗಳನ್ನು ನುಂಗುತ್ತದೆ. ಆರೋಪಿ ನಿನ್ನ ಮುಂದೆ ತಪ್ಪೊಪ್ಪಿಕೊಂಡ ಅಂತ ಬೀಗಬೇಡ. ಸುಪ್ರೀಂ ಕೋರ್ಟಿನ 2020ರ ತೂಫಾನ್ ಸಿಂಗ್ ತೀರ್ಪಿನ ಮೇಲೆ, ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆಯಾದ ಎನ್‌ಸಿಬಿಯವರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೂ ಕೋರ್ಟಿನಲ್ಲಿ ಬೆಲೆಯಿಲ್ಲ.

ಸೇದಿ ಸಿಕ್ಕಿಬಿದ್ದ ಕಾಲೇಜು ಹುಡುಗ ಬಂದರೆ 64ಎ ಕಲಮು ತೆಗೆದು ಓದು. ತಾನಾಗಿ ಚಿಕಿತ್ಸೆಗೆ ಹೋಗುವ ವ್ಯಸನಿಯನ್ನು ಅದು ಮೊಕದ್ದಮೆಯಿಂದ ಉಳಿಸುತ್ತದೆ. ಅದನ್ನು ಅವನ ಅಪ್ಪ ಅಮ್ಮನಿಗೆ ನೀನೇ ಹೇಳು, ವಕೀಲರಿಗೆ ಫೀಸು ಕೊಟ್ಟು ತಿಳಿಯುವಂತಾಗದಿರಲಿ. (ನಮ್ಮವರ ಹೊಟ್ಟೆಯ ಮೇಲೆ ಹೊಡೆದಂತೆ, ಇರಲಿ.)

ತಿಂಗಳಿಗೆ ಇಷ್ಟು ಕೇಸು ಬೇಕೆಂದು ಮೇಲಿನವರು ಕೇಳುತ್ತಾರೆ, ಗೊತ್ತು. ಆಗ ಅಮಾಯಕರ ಕಿಸೆಗೆ ಗಾಂಜಾ ಪೊಟ್ಟಣ ಹಾಕುವ ಅನುಭವಿಗಳು ಪಕ್ಕದಲ್ಲೇ ಇರುತ್ತಾರೆ. ಅವರ ಜೊತೆ ದಾಳಿಗೆ ಹೋಗುವಾಗ ವಿಡಿಯೋ ಕ್ಯಾಮೆರಾ ನಿನ್ನ ಕೈಯಲ್ಲಿರಲಿ.

ದೀಪಾವಳಿಗೆ ಬಾ. ಮೊದಲ ಮಹಜರು ಹೇಗೆ ಬರೆದೆ ಅಂತ ಹೇಳು, ಊಟವಾದ ಮೇಲೆ ನಾನು ಪಾಟಿ ಸವಾಲು ಮಾಡುತ್ತೇನೆ.

ನಿನ್ನ ದೊಡ್ಡಪ್ಪ
ಶಿವಮೊಗ್ಗ