ಬೀದಿಯ ದನಿಯಲ್ಲಿ ಹೇಳಿದ ಸಾಕ್ಷಿ

ಮಾನ್ಯರೇ,

ಅಮೆರಿಕದ ಕಪ್ಪು ಜನರ ಬೀದಿಗಳಲ್ಲಿ ಹುಟ್ಟಿದ, ಮಾತನ್ನೇ ತಾಳಕ್ಕೆ ಕೂರಿಸಿ ಹಾಡುವ ಹಿಪ್‌ಹಾಪ್ ಲಯದ ಕ್ರೈಸ್ತ ಗೀತೆಗಳು ಬೀದಿಯ ಗದ್ದಲವನ್ನು ದೇವಾಲಯದೊಳಗೆ ತರುತ್ತವೆ ಎಂಬ ಆಕ್ಷೇಪವನ್ನು ನಮ್ಮ ಸಭೆಗಳ ಹಿರಿಯರಿಂದ ಆಗಾಗ ಕೇಳುತ್ತಿರುತ್ತೇನೆ. ಹಾರ್ಮೋನಿಯಂ ಜೊತೆಗೆ ಕೀರ್ತನೆಗಳನ್ನು ಹಾಡುತ್ತ ಬೆಳೆದ ನನಗೂ ಮೊದಲು ಹಾಗೆಯೇ ಅನ್ನಿಸಿತ್ತು; ಆ ಹಾಡುಗಳ ಮಾತುಗಳಿಗೆ ಕಿವಿಗೊಟ್ಟ ಮೇಲೆ ಅಭಿಪ್ರಾಯ ಬದಲಾಯಿತು.

ಅಮೆರಿಕದಲ್ಲಿ ಸ್ಟೀಫನ್ ವೈಲಿ ಅವರ ‘ಬೈಬಲ್ ಬ್ರೇಕ್’ ಆಲ್ಬಮ್ 1985ರಲ್ಲಿ ಹೊರಬಂದಾಗಿನಿಂದ ಈ ಸಂಗೀತಕ್ಕೆ ತನ್ನದೇ ಪರಂಪರೆಯಿದೆ. ಲಾಸ್ ಏಂಜಲೀಸಿನ ‘ಗಾಸ್ಪೆಲ್ ಗ್ಯಾಂಗ್‌ಸ್ಟಾಜ್’ ತಂಡದವರು ಒಂದು ಕಾಲಕ್ಕೆ ಕ್ರಿಪ್ಸ್ ಮತ್ತು ಬ್ಲಡ್ಸ್ ಎಂಬ ಬದ್ಧ ವೈರದ ರೌಡಿ ಗುಂಪುಗಳಲ್ಲಿದ್ದು, ಆಮೇಲೆ ವಿಶ್ವಾಸಕ್ಕೆ ಬಂದು ಒಂದೇ ವೇದಿಕೆಯಲ್ಲಿ ನಿಂತವರು. ನಮ್ಮ ಸಭೆಗಳಲ್ಲಿ ಇದಕ್ಕೆ ‘ಸಾಕ್ಷಿ’ ಎನ್ನುತ್ತೇವೆ. ಸಾಕ್ಷಿ ಹೇಳುವವನು ತಾನು ಯಾವ ಕೆಸರಿನಿಂದ ಎದ್ದು ಬಂದೆನೆಂಬುದನ್ನು ಮರೆಮಾಚಿದರೆ ಕೃಪೆಯ ಮಾತು ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಆ ಒರಟು ದನಿ ಅವರಿಗೆ ಅಲಂಕಾರವಲ್ಲ, ಅವರ ಬದುಕಿನ ಮಾತೃಭಾಷೆ.

ನನ್ನನ್ನು ಹೆಚ್ಚು ಕಾಡಿದ್ದು ಅಮೆರಿಕದ ಕಪ್ಪು ಹಿಪ್‌ಹಾಪ್ ಗಾಯಕ ಲಕ್ರೇ ಅವರ ಅನುಭವ. ಅವರ ‘ಗ್ರಾವಿಟಿ’ ಆಲ್ಬಮ್‌ಗೆ 2013ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು, 2014ರ ‘ಅನಾಮಲಿ’ ಅಲ್ಲಿನ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಅಮೆರಿಕದ ಫರ್ಗ್ಯೂಸನ್ ಊರಿನಲ್ಲಿ ಪೊಲೀಸ್ ಗುಂಡಿಗೆ ಕಪ್ಪು ಯುವಕನೊಬ್ಬ ಬಲಿಯಾದ ಮೇಲೆ ಅವರು ತಮ್ಮ ಜನರ ನೋವನ್ನು ಬಾಯಿಬಿಟ್ಟು ಹೇಳಿದಾಗ, ಅಲ್ಲಿಯವರೆಗೆ ಮೆಚ್ಚಿಕೊಂಡಿದ್ದ ಎಷ್ಟೋ ಬಿಳಿಯ ವಿಶ್ವಾಸಿಗಳು ಮುನಿಸಿಕೊಂಡರು. ಬೀದಿಯು ತೊರೆದುಬಂದ ಪಾಪವಾಗಿ ಹಾಡಿನಲ್ಲಿದ್ದರೆ ಒಪ್ಪಿಗೆ, ಇಂದಿನ ದುಃಖವಾಗಿ ಬಂದರೆ ಬೇಡ ಎಂಬ ಈ ಧೋರಣೆ ನನಗೆ ತೀರ ಅನ್ಯಾಯವೆನಿಸುತ್ತದೆ.

ಇಂದು ಎಲ್ಲರೂ ಪವಿತ್ರವೆಂದು ಹಾಡುವ ಗಾಸ್ಪೆಲ್ ಎಂಬ ಭಕ್ತಿ ಸಂಗೀತಕ್ಕೆ, ಕಪ್ಪು ಜನರ ಲೌಕಿಕ ಹಾಡುಗಾರಿಕೆಯಾದ ಬ್ಲೂಸ್‌ನ ಸೊಗಡು ತಂದ ಥಾಮಸ್ ಡಾರ್ಸಿ ಅವರನ್ನೂ ಷಿಕಾಗೋದ ಹಲವು ಸಭೆಗಳು ಮೊದಲು ಹೊರಗಿಟ್ಟಿದ್ದವು. ನಮ್ಮಲ್ಲಿಯೇ ಕಿಟ್ಟೆಲ್ಲರು 1862ರಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಪದ್ಯಬಂಧಕ್ಕೆ ಹೊಂದಿಸಿದ್ದು, ಕೇಳುವವರ ಕಿವಿಗೆ ಪರಿಚಿತವಾದ ಲಯದಲ್ಲಿ ಸುವಾರ್ತೆ ತಲುಪಲೆಂದೇ ಅಲ್ಲವೇ?

ಹಾಗೆಂದು ನಮ್ಮ ಹುಡುಗರು ತಾವು ಕಾಣದ ಲಾಸ್ ಏಂಜಲೀಸಿನ ಉಚ್ಚಾರವನ್ನೂ ಹಾವಭಾವವನ್ನೂ ನಕಲು ಮಾಡುವುದನ್ನು ನಾನು ಮೆಚ್ಚಲಾರೆ. ಸಾಕ್ಷಿಯನ್ನು ಕಡ ತರಲಾಗದು. ತಮ್ಮ ಓಣಿಯ ಕುಡಿತವನ್ನೋ ನಿರುದ್ಯೋಗವನ್ನೋ ತಮ್ಮ ಕನ್ನಡದಲ್ಲಿ ಹಾಡಿ ದೇವರ ಮುಂದಿಡುವುದಾದರೆ, ಯುವಜನ ಕೂಟಗಳಲ್ಲಿ ಅವರಿಗೆ ಮೈಕು ಕೊಡಬೇಕು. ತೀರ್ಪು ಹೇಳುವ ಮೊದಲು ಹಿರಿಯರು ಆ ಹಾಡಿನ ಸಾಲುಗಳನ್ನು ಕಾಗದದ ಮೇಲೆ ಬರೆಸಿಕೊಂಡು ಒಮ್ಮೆ ಓದಬೇಕೆಂದು ವಿನಂತಿಸುತ್ತೇನೆ.

– ಓದುಗ, ಧಾರವಾಡ