ಸೆಕೆಂಡ್ ಆಲ್ಟೋ ಆದ ಮಗಳಿಗೆ

ಮುಲುಂಡ್, ಮುಂಬೈ

ಪ್ರೀತಿಯ ಪುಟ್ಟಿ,

ನಿನ್ನ ಜಾಜ್ ಬ್ಯಾಂಡಿನ ನಿಯಮಗಳ ಕಾಗದಕ್ಕೆ ಸಹಿ ಹಾಕಿ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಸಹಿ ಹಾಕುವ ಮೊದಲು ಪೂರ್ತಿ ಓದಿದೆ. ನೀನು ಓದಿಲ್ಲ ಅಂತ ಗೊತ್ತು. ಮಂಗಳವಾರ, ಗುರುವಾರ ಬೆಳಿಗ್ಗೆ ಏಳಕ್ಕೆ ಅಭ್ಯಾಸ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರೂ ನಿನ್ನೆ ಅಪ್ಪನ ಹತ್ತಿರ 'ಏಳೂವರೆಗೆ ಹೋದರೂ ನಡೆಯುತ್ತೆ' ಅನ್ನುತ್ತಿದ್ದೆ. ನಡೆಯುವುದಿಲ್ಲ ಮಾರಾಯ್ತಿ. ಏಳಕ್ಕೆ ಅಂದರೆ ಏಳಕ್ಕೆ ಎಲ್ಲರೂ ಒಟ್ಟಿಗೆ ಮೊದಲ ಸ್ವರ ಊದಬೇಕು. ಅಷ್ಟರೊಳಗೆ ಸ್ಯಾಕ್ಸೋಫೋನ್ ಜೋಡಿಸಿ, ರೀಡ್, ಅಂದರೆ ಊದುವ ತುದಿಯ ತೆಳು ಪಟ್ಟಿ, ಬಾಯಲ್ಲಿಟ್ಟು ಒದ್ದೆ ಮಾಡಿ, ಪೆನ್ಸಿಲ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡು ಆಗಿರಬೇಕು. ಬೈಕುಲ್ಲಾದಲ್ಲಿ ಇಳಿದ ಮೇಲೆ ನಡೆಯುವುದೂ ಇದೆ. ಹಾಗಾಗಿ ಐದೂವರೆ ಸುಮಾರಿನ ಸ್ಲೋ ಲೋಕಲ್ ಹಿಡಿಯಲೇಬೇಕು. ನಾನು ಎಬ್ಬಿಸುತ್ತೇನೆ, ಆದರೆ ಒಂದೇ ಸಲ.

ಇಷ್ಟನ್ನು ಬಾಯಲ್ಲೇ ಹೇಳಬಹುದಿತ್ತು. ಆದರೆ ಸೆಕೆಂಡ್ ಆಲ್ಟೋ, ಅಂದರೆ ಎರಡನೆಯ ಆಲ್ಟೋ ಸ್ಯಾಕ್ಸೋಫೋನ್ ನಿನಗೆ ಬಂದ ವಿಷಯ ಎತ್ತಿದ ಕೂಡಲೇ ನೀನು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಲೀಡ್ ಆಲ್ಟೋ ಹತ್ತನೇ ಕ್ಲಾಸಿನ ಹುಡುಗನಿಗೆ ಹೋಯಿತು, ನಿನಗೆ ಪಕ್ಕದ ಕುರ್ಚಿ ಸಿಕ್ಕಿತು. 'ನನ್ನ ಪಾರ್ಟ್ ಒಂದನ್ನೇ ನುಡಿಸಿದರೆ ಅದು ಹಾಡೇ ಅಲ್ಲ' ಅಂದೆ. ಮಾತು ಸರಿ. ಅದು ಹಾಡಲ್ಲ. ದೊಡ್ಡ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನವರು ಐದು ಜನ, ಎರಡು ಆಲ್ಟೋ, ಎರಡು ಟೆನರ್, ಒಂದು ಬ್ಯಾರಿಟೋನ್. ಹಿಂದೆ ನಾಲ್ಕು ಟ್ರಾಂಬೋನ್, ನಾಲ್ಕು ಟ್ರಂಪೆಟ್. ಬದಿಯಲ್ಲಿ ಪಿಯಾನೊ, ಗಿಟಾರ್, ಬೇಸ್, ಡ್ರಮ್ಸ್. ನಿಮ್ಮ ಶಾಲೆಯಲ್ಲಿ ಅಷ್ಟು ಜನ ಇಲ್ಲ, ಆದರೂ ಸ್ಯಾಕ್ಸ್ ಸಾಲು ಪೂರ್ತಿ ಇದೆಯಲ್ಲ. ಆ ಐವರು ಒಟ್ಟಿಗೆ ನುಡಿಸುವಾಗ ಮೇಲಿನ ಸ್ವರ, ಅಂದರೆ ಜನ ಗುನುಗುವ ಸ್ವರ, ಸಾಮಾನ್ಯವಾಗಿ ಲೀಡ್‌ನದು. ಅದರ ಕೆಳಗಿರುವುದೆಲ್ಲ ಬೇರೆಯವರದು.

ಶನಿವಾರದ ಸಂಗೀತ ಕ್ಲಾಸಿನಲ್ಲಿ ನಿನಗೆ ಇದು ಸಿಕ್ಕಿರಲಿಕ್ಕಿಲ್ಲ. ಅಲ್ಲಿ ಹಾಡುವವರು ಹೋದ ದಾರಿಯಲ್ಲೇ ಪಿಟೀಲು ಹೋಗುತ್ತದೆ, ತಂಬೂರಿ ಷಡ್ಜ ಪಂಚಮ ಬಿಟ್ಟು ಅಲುಗುವುದಿಲ್ಲ. ಪಕ್ಕದಲ್ಲಿ ಕೂತವರು ಬೇಕೆಂದೇ ಬೇರೆ ಸ್ವರ ಹಿಡಿಯುವುದು ಅಂತ ಇಲ್ಲವೇ ಇಲ್ಲ. ಇಲ್ಲಿ ಅದೇ ಕೆಲಸ. ಕೆಲವು ಕಡೆ ಲೀಡ್ ಹುಡುಗನ ಸ್ವರಕ್ಕೂ ನಿನ್ನದಕ್ಕೂ ಅರ್ಧ ಸ್ವರದ ಅಂತರವಷ್ಟೇ ಇರುತ್ತದೆ, ಒಬ್ಬರು ಷಡ್ಜ ಹಿಡಿದಾಗ ಇನ್ನೊಬ್ಬರು ಕಾಕಲಿ ನಿಷಾದ ಹಿಡಿದ ಹಾಗೆ. ಉಜ್ಜುತ್ತದೆ. ತಪ್ಪಿದೆ ಅಂತ ನಿನ್ನ ಕಿವಿ ಹೇಳುತ್ತದೆ, ತುಟಿ ತಾನಾಗಿ ಅವನ ಕಡೆ ಜಾರುತ್ತದೆ. ಶಾಲೆಯ ಕಾಯರ್‌ನಲ್ಲಿ ನಾನೂ ಆಲ್ಟೋ, ಅಂದರೆ ಕೆಳಗಿನ ದನಿ, ಹಾಡಿದವಳು, ಆ ಎಳೆತ ಎಂಥದ್ದು ಅಂತ ಗೊತ್ತು. ಜಾರಿದೆಯೋ, ಜಾಜ್ ಅನ್ನಿಸುವ ಬಣ್ಣವೇ ಹೋಯಿತು. ಕೇಳುವವರಿಗೆ ಸೆಕೆಂಡ್ ಆಲ್ಟೋ ತಪ್ಪಿತು ಅಂತ ತಿಳಿಯುವುದಿಲ್ಲ, ಬ್ಯಾಂಡ್ ಸಪ್ಪೆಯಾಗಿದೆ ಅಂತ ಮಾತ್ರ ತಿಳಿಯುತ್ತದೆ. ನಿಮ್ಮ ಸರ್ ನಿನ್ನನ್ನು ಅಲ್ಲಿ ಕೂರಿಸಿದ್ದು ಕಿವಿ ಗಟ್ಟಿ ಇದೆ ಅಂತ ಇರಬಹುದು. ನಾನೇನೂ ಅವರನ್ನು ಕೇಳಲು ಹೋಗುವುದಿಲ್ಲ. ಮಗಳಿಗೆ ಲೀಡ್ ಯಾಕಿಲ್ಲ, ಸೋಲೋ ಯಾಕಿಲ್ಲ ಅಂತ ಶಾಲೆಗೆ ಬಂದು ಕೇಳುವ ಅಮ್ಮಂದಿರ ಪಟ್ಟಿಯಲ್ಲಿ ನಾನಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಇನ್ನೊಂದು, ಲೀಡ್ ನುಡಿಸುವ ಹುಡುಗನನ್ನು ಹಿಂಬಾಲಿಸಬೇಕು. ಅವನು ಉಸಿರು ತೆಗೆದಲ್ಲಿ ತೆಗೆಯಬೇಕು, ಸ್ವರ ಬಿಟ್ಟಲ್ಲಿ ಬಿಡಬೇಕು, ಅವನಿಗಿಂತ ಒಂದು ಎಳೆ ಮೆಲ್ಲಗೆ ಊದಬೇಕು. ಚೆನ್ನಾಗಿ ನುಡಿಸುವುದು ನೀನೇ ಆದರೂ ಹಾಗೆಯೇ. ಗಮಕ ಸಾಲಿನೊಳಗೆ ಬೇಡ. ಕದ್ರಿ ಗೋಪಾಲನಾಥರ ಕ್ಯಾಸೆಟ್ ಕೇಳಿಸಿ ಅಜ್ಜ ನಿನಗೆ ಹಿಡಿಸಿದ ಹುಚ್ಚು ಇದು, ಸ್ವರ ಸಿಕ್ಕಿದರೆ ಸಾಕು ಬಾಗಿಸುತ್ತೀ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ಅವರು. 1980ರಲ್ಲಿ ಇದೇ ಊರಿನ ಜಾಜ್ ಹಬ್ಬದಲ್ಲಿ ಅವರು ನುಡಿಸುತ್ತಿದ್ದಾಗ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ತಾನೂ ಸೇರುತ್ತೇನೆ ಅಂತ ವೇದಿಕೆ ಹತ್ತಿ ಜೊತೆಗೆ ನುಡಿಸಿದರಂತೆ. ಅದು ಇಬ್ಬರು ದೊಡ್ಡವರ ಮಾತುಕತೆ. ಐದು ಜನ ಸೇರಿ ಒಂದೇ ವಾಕ್ಯ ಹೇಳಬೇಕಾದಾಗ ನಿನ್ನ ಬಾಗು ಬಳುಕು ಬೇರೆ ನಾಲ್ವರಿಗೆ ತೊಂದರೆ.

ಸೋಲೋ ಬಂದಾಗ ಬೇಕಾದಷ್ಟು ಬಾಗಿಸು. ಬಂದೇ ಬರುತ್ತದೆ, ಬ್ಲೂಸ್ ಹಾಡಿನಲ್ಲಿ ಎಲ್ಲರಿಗೂ ಒಂದೊಂದು ಸುತ್ತು ಅಂತ ಕಾಗದದಲ್ಲೇ ಇದೆ. ಹನ್ನೆರಡು ಬಾರ್, ಬಾರಿಗೆ ನಾಲ್ಕು ಎಣಿಕೆ. ಮುಗಿದರೆ ಮತ್ತೆ ಮೊದಲಿಂದ, ಆವರ್ತನದ ಹಾಗೆಯೇ. ನೀನು ಹೆದರುವುದು ಯಾವ ಸ್ವರ ಊದಲಿ ಅಂತ, ಆದರೆ ಹೊಸಬರು ಬೀಳುವುದು ಅಲ್ಲಲ್ಲ. ಎಲ್ಲಿದ್ದೇನೆ ಅಂತ ಮರೆಯುತ್ತಾರೆ. ಕಲ್ಪನಾ ಸ್ವರ ಹಾಡುವಾಗ ಎಡುಪಿಗೆ, ಅಂದರೆ ಹಾಡು ಎತ್ತುವ ಜಾಗಕ್ಕೆ, ಬಂದು ಸೇರುವುದನ್ನು ನೀನು ಕಲಿತಿದ್ದೀಯಲ್ಲ, ಆ ಲೆಕ್ಕ ಇಲ್ಲಿ ಕೈಹಿಡಿಯುತ್ತದೆ. ಕಡಿಮೆ ಊದು, ಖಾಲಿ ಬಿಡಲು ಹೆದರಬೇಡ. ಬೇರೆಯವರು ಸೋಲೋ ನುಡಿಸುವಾಗ ಫೋನ್ ನೋಡುತ್ತಾ ಕೂರಬೇಡ, ಅದಂತೂ ನನಗೆ ಸೇರುವುದಿಲ್ಲ.

ಸ್ವಿಂಗ್, ಅಂದರೆ ಜಾಜ್‌ನ ತೂಗುವ ನಡೆ, ಅದರ ಬಗ್ಗೆ ನಾನು ಬರೆದು ಪ್ರಯೋಜನವಿಲ್ಲ. ಹಾಳೆಯಲ್ಲಿ ಕ್ವೇವರ್‌ಗಳು, ಅಂದರೆ ಅರ್ಧ ಎಣಿಕೆಯ ಸ್ವರಗಳು, ಸಮಸಮ ಕಾಣುತ್ತವೆ, ನುಡಿಸುವಾಗ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಎಷ್ಟು ಉದ್ದ ಅನ್ನುವುದು ವೇಗದ ಮೇಲೆ ಹೋಗುತ್ತದೆ, ಓಟ ಜೋರಾದಂತೆ ಎರಡೂ ಹತ್ತಿರವಾಗುತ್ತವೆ. ಕೇಳಿಯೇ ಬರಬೇಕು. ಲೋಕಲ್‌ನಲ್ಲಿ ಅಮೆರಿಕದ ದೊಡ್ಡ ಬ್ಯಾಂಡುಗಳನ್ನು ನಡೆಸಿದ ಕೌಂಟ್ ಬೇಸಿ ಕೇಳು, ಡ್ಯೂಕ್ ಎಲಿಂಗ್ಟನ್ ಕೇಳು. ಎಲಿಂಗ್ಟನ್‌ರನ್ನು ಕೇಳುವಾಗ ಕೆಳಗಿನ ಬ್ಯಾರಿಟೋನ್ ಹುಡುಕು. ಹ್ಯಾರಿ ಕಾರ್ನಿ ಅಂತ ಅವರ ಹೆಸರು. 1927ರಿಂದ 1974ರಲ್ಲಿ ಎಲಿಂಗ್ಟನ್ ತೀರಿಕೊಳ್ಳುವವರೆಗೂ ಅದೇ ಬ್ಯಾಂಡು, ಅದೇ ಸಾಲು. ಎಲಿಂಗ್ಟನ್ ಬರೆಯುತ್ತಿದ್ದದ್ದು ವಾದ್ಯಕ್ಕಲ್ಲ, ಅದನ್ನು ನುಡಿಸುವ ಆ ಮನುಷ್ಯನಿಗೆ.

ಅಷ್ಟು ದೂರ ಹೋಗುವುದೂ ಬೇಡ. 1935ರಲ್ಲಿ ಅಮೆರಿಕದ ಲಿಯಾನ್ ಆಬಿಯ ಬ್ಯಾಂಡ್ ತಾಜ್ ಹೋಟೆಲಿಗೆ ಬಂದ ಮೇಲೆ ಈ ಊರಿಗೆ ಜಾಜ್ ಹಿಡಿಯಿತು. ಅದನ್ನು ಕೈಗೆತ್ತಿಕೊಂಡವರಲ್ಲಿ ಗೋವಾದವರೇ ಬಹಳ, ಚರ್ಚಿನ ಶಾಲೆಗಳಲ್ಲಿ ಸ್ವರಲಿಪಿ ಓದಲು ಕಲಿತವರು. ಅಲ್ಡೋನಾದ ಚಿಕ್ ಚಾಕಲೇಟ್ ಟ್ರಂಪೆಟ್ ಹಿಡಿದರೆ ಅಮೆರಿಕದ ದೊಡ್ಡ ಟ್ರಂಪೆಟ್ ವಾದಕನ ಹೆಸರು ಹಿಡಿದು ಇವರೇ ನಮ್ಮ ಲೂಯಿ ಆರ್ಮ್‌ಸ್ಟ್ರಾಂಗ್ ಅನ್ನುತ್ತಿದ್ದರು. ರಾತ್ರಿ ಹೋಟೆಲ್, ಹಗಲು ಸಿನಿಮಾ ಸ್ಟುಡಿಯೊ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ರಾಗ ಹೇಳಿಕೊಡುತ್ತಿದ್ದರು. ಅದಕ್ಕೆ ಪಿಟೀಲಿಗೆ ಏನು, ಕಹಳೆಗಳಿಗೆ ಏನು ಅಂತ ಕೂತು ಬರೆದವರು ಸೆಬಾಸ್ಟಿಯನ್ ಡಿಸೋಜ, ಫ್ರ್ಯಾಂಕ್ ಫೆರ್ನಾಂಡ್, ಆಂಥೋನಿ ಗೊನ್ಸಾಲ್ವಿಸ್ ಇಂಥವರು. ಅಜ್ಜ ಮಾಟುಂಗಾದ ಹೋಟೆಲಿನಲ್ಲಿ ಗಲ್ಲೆ ಮೇಲೆ ಕೂತು ರೇಡಿಯೊದಲ್ಲಿ ಕೇಳಿದ ಹಳೆಯ ಹಿಂದಿ ಹಾಡುಗಳಲ್ಲಿ ಹಾಡಿನ ಹಿಂದೆ ತುಂಬಿಕೊಂಡಿರುವ ಸ್ವರಗಳೆಲ್ಲ ಇವರವು. ಬಹಳಷ್ಟು ಸಿನಿಮಾಗಳಲ್ಲಿ ಅವರ ಹೆಸರೇ ಬರಲಿಲ್ಲ. ಅದು ಅನ್ಯಾಯ, ನಾನೇನು ಚೆಂದದ ಮಾತಾಡಿ ಅದನ್ನು ಮುಚ್ಚುವುದಿಲ್ಲ. ನಿನ್ನ ಹೆಸರಾದರೂ ಕಾರ್ಯಕ್ರಮದ ಹಾಳೆಯಲ್ಲಿ ಇರುತ್ತದೆ.

ಇನ್ನು ಮನೆಯ ವಿಷಯ. ವಾದ್ಯ ಶಾಲೆಯದು. ಬೈಕುಲ್ಲಾದಲ್ಲಿ ವಡಾಪಾವ್, ಚಹಾ ಆದ ಮೇಲೆ ಬಾಯಿ ಮುಕ್ಕಳಿಸದೆ ಊದಬೇಡ. ಸಕ್ಕರೆ ಒಳಗೆ ಹೋಗಿ ತೂತು ಮುಚ್ಚುವ ಪ್ಯಾಡ್‌ಗಳು ಅಂಟುತ್ತವೆ. ಮಳೆಗಾಲದಲ್ಲಂತೂ ಜಿ ಶಾರ್ಪ್ ಕೀ ಎಷ್ಟು ಒತ್ತಿದರೂ ತೆರೆಯುವುದಿಲ್ಲ, ನೀನೇ ನೋಡಿದ್ದೀ. ನುಡಿಸಿ ಆದ ಮೇಲೆ ಬಟ್ಟೆ ಎಳೆದು ಒಳಗಿನ ಪಸೆ ತೆಗೆ, ರೀಡ್ ಬಿಚ್ಚಿ ಒರೆಸಿ ಡಬ್ಬಿಗೆ ಹಾಕು, ಮೌತ್‌ಪೀಸಿನಲ್ಲೇ ಬಿಟ್ಟು ಬೂಷ್ಟು ಬರಿಸಬೇಡ. ಲೇಡೀಸ್ ಡಬ್ಬಿಯಲ್ಲಿ ಕೇಸನ್ನು ಎರಡು ಕಾಲಿನ ನಡುವೆ ನಿಲ್ಲಿಸಿಕೋ. ದಾದರಿನಲ್ಲಿ ಹತ್ತುವವರ ರಭಸಕ್ಕೆ ಒಂದು ಕಡ್ಡಿ ಬಾಗಿದರೂ ಗಾಳಿ ಸೋರಿ ಕೆಳಗಿನ ಸ್ವರಗಳು ಏಳುವುದಿಲ್ಲ.

ಸೊಸೈಟಿಯ ಕಾರ್ಯದರ್ಶಿಯ ಜೊತೆ ಮಾತಾಡಿದ್ದೇನೆ. ಸಂಜೆ ಆರರಿಂದ ಏಳೂವರೆ ತನಕ ಯಾರೂ ಏನೂ ಅನ್ನುವುದಿಲ್ಲ. ಬೆಲ್ಲಿಗೆ, ಅಂದರೆ ವಾದ್ಯದ ಅಗಲ ಬಾಯಿಗೆ, ಟವೆಲ್ ತುರುಕಿ ರಾತ್ರಿ ಹತ್ತಕ್ಕೆ ಊದುವ ನಿನ್ನ ಉಪಾಯ ಬೇಡ, ಸ್ಯಾಕ್ಸೋಫೋನಿನ ಶಬ್ದ ತೆರೆದ ತೂತುಗಳಿಂದೆಲ್ಲ ಬರುತ್ತದೆ, ಟವೆಲ್ ಏನು ಮಾಡೀತು. ಮೊದಲ ಹತ್ತು ನಿಮಿಷ ಉದ್ದ ಸ್ವರ ಹಿಡಿ, ಹಾಡಿನ ಆಸೆ ಆಮೇಲೆ. ಪಿಯಾನೊ ಬಿ ಫ್ಲ್ಯಾಟ್ ಕೊಟ್ಟರೆ ಆಲ್ಟೋದಲ್ಲಿ ಜಿ ಹಿಡಿಯಬೇಕು, ಆಗಲೇ ಎರಡೂ ಒಂದೇ ಸ್ವರವಾಗಿ ಕೇಳುವುದು ಅನ್ನುವುದು ಬೆಳಿಗ್ಗೆ ನಿದ್ದೆಗಣ್ಣಿನಲ್ಲೂ ನೆನಪಿರಬೇಕು.

ಪರೀಕ್ಷೆ ಹತ್ತಿರ ಬಂದಾಗ ಬ್ಯಾಂಡ್ ಬಿಡಿಸುತ್ತೇವೆ ಅಂತ ಅಪ್ಪ ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕಾಗದದಲ್ಲಿ ಅವರ ಸಹಿಯನ್ನೂ ಹಾಕಿಸಿದ್ದೇನೆ, ವರ್ಷದ ನಡುವೆ ಬಿಡುವಂತಿಲ್ಲ ಅನ್ನುವ ಸಾಲಿನ ಕೆಳಗೇ.

ನಾಳೆ ಧೋಬಿ ತಲಾವ್ ಕಡೆ ಕೆಲಸವಿದೆ. ಫುರ್ಟಾಡೋಸ್ ವಾದ್ಯದಂಗಡಿಯಿಂದ ರೀಡ್ ತರುತ್ತೇನೆ. ಎರಡನೇ ನಂಬರ್ ಸಾಕೋ, ಎರಡೂವರೆ ಬೇಕೋ ಸರ್‌ನ್ನು ಕೇಳಿ ಮಧ್ಯಾಹ್ನದೊಳಗೆ ಮೆಸೇಜ್ ಮಾಡು.

ನಿನ್ನ
ಅಮ್ಮ